ಹೆಬ್ಬೆರಳಗಲದ ಬಿಳಿ ಗೆರೆ

ಕೆಂಪು, ಕಪ್ಪು, ಹಳದಿ. ಬಣ್ಣ ಮೂರೇ, ಬೆರೆಸುವ ಗೋಜಿಲ್ಲ, ಡಬ್ಬಿಯ ಮುಚ್ಚಳ ತೆಗೆದು ಹೊಡೆಯುವುದಷ್ಟೇ ಎಂದು ಮಾಲೀಕರು ಹೇಳಿದಾಗ ನನಗೆ ಸ್ವಲ್ಪ ಅವಮಾನವೇ ಆಯಿತು. ತೊಂಬತ್ತರ ದಶಕದ ನಡುವಿನ ಮಾತು. ಆಗ ನಾನು ಶಿವಮೊಗ್ಗದ ಒಂದು ಹೈಸ್ಕೂಲಿನಲ್ಲಿ ತಾತ್ಕಾಲಿಕ ಡ್ರಾಯಿಂಗ್ ಟೀಚರ್. ರೇಖೆ, ಆಕಾರ, ವರ್ಣ, ಛಾಯೆ, ಮೈವಳಿಕೆ, ಸಮತೋಲನ ಎಂದು ಮಕ್ಕಳಿಗೆ ನೋಟ್ಸ್ ಬರೆಸುವುದು, ಹೂಜಿ ಇಟ್ಟು ಬರೆಸುವುದು, ವಾರ್ಷಿಕೋತ್ಸವಕ್ಕೆ ಬೋರ್ಡು ಬರೆಯುವುದು ನನ್ನ ಕೆಲಸ. ಬೇಸಿಗೆ ರಜೆಯಲ್ಲಿ ತಾತ್ಕಾಲಿಕದವರನ್ನು ಯಾರೂ ಕೇಳುವುದಿಲ್ಲ. ನಾನು ಬರೆದ ಬೋರ್ಡು ನೋಡಿ ಮೆಚ್ಚಿದ್ದ ಒಬ್ಬ ಪೋಷಕರು ಮಲವಗೊಪ್ಪ ದಾಟಿ ಭದ್ರಾವತಿಗೆ ಹೋಗುವ ರಸ್ತೆಯಲ್ಲಿ ಕಬ್ಬಿಣದ ಎರಕ ಹೊಯ್ಯುವ ಸಣ್ಣದೊಂದು ಫೌಂಡ್ರಿ ನಡೆಸುತ್ತಿದ್ದರು, ಆ ಮಾಲೀಕರು ಅವರೇ. ಕೈ ನಡುಗದವರು ಒಬ್ಬರು ಬೇಕು, ರಜೆ ಮುಗಿಯುವುದರೊಳಗೆ ಮುಗಿಸಿಕೊಡಿ ಎಂದರು. ಒಪ್ಪಿಕೊಂಡೆ.

ಬಣ್ಣ ಹೊಡೆಯಬೇಕಾಗಿದ್ದು ಮರದ ಮಾದರಿಗಳಿಗೆ. ಅವುಗಳನ್ನು ಅಲ್ಲಿ ಪ್ಯಾಟರ್ನ್ ಎನ್ನುತ್ತಾರೆ. ಕಬ್ಬಿಣದಲ್ಲಿ ಏನು ಬೇಕೋ ಅದೇ ಆಕಾರವನ್ನು ಬಡಗಿ ಮೊದಲು ಮರದಲ್ಲಿ ಮಾಡಿಕೊಡುತ್ತಾನೆ. ಅದನ್ನು ಕಬ್ಬಿಣದ ಪೆಟ್ಟಿಗೆಯೊಳಗಿಟ್ಟು, ಸುತ್ತ ಕಪ್ಪು ಮರಳು ತುಂಬಿ, ಗಟ್ಟಿಯಾಗಿ ಕುಟ್ಟಿ, ಆಮೇಲೆ ಮೆಲ್ಲಗೆ ಮರವನ್ನು ಎತ್ತಿದರೆ ಮರಳಿನಲ್ಲಿ ಉಳಿಯುವ ಹಳ್ಳವೇ ಅಚ್ಚು. ಕಾದ ಕಬ್ಬಿಣ ಹೊಯ್ಯುವುದು ಆ ಹಳ್ಳಕ್ಕೆ. ಅಲ್ಲಿಯವರೆಗೂ ಆ ಫೌಂಡ್ರಿಯ ಪ್ಯಾಟರ್ನ್‌ಗಳಿಗೆ ಅರಗಿನ ಪಾಲಿಶ್ ಬಿಟ್ಟರೆ ಬೇರೆ ಬಣ್ಣವಿರಲಿಲ್ಲ. ಹೊಸದಾಗಿ ಸಿಕ್ಕಿದ್ದ ಹುಬ್ಬಳ್ಳಿಯ ಒಂದು ಪಂಪ್ ಕಂಪನಿ ಬಣ್ಣದ ಪಟ್ಟಿ ಕಳಿಸಿತ್ತು. ಎರಕವಾದ ಮೇಲೆ ಮೆಷಿನ್ನಿಗೆ ಹಾಕಿ ಹೆರೆಯುವ ಮುಖಕ್ಕೆ ಕೆಂಪು, ಹೆರೆಯದೆ ಹಾಗೇ ಬಿಡುವ ಮುಖಕ್ಕೆ ಕಪ್ಪು, ಒಳಗಿನ ಟೊಳ್ಳಿಗೆ ಇಡುವ ಮರಳಿನ ಕೋರ್ ಕೂರುವ ಜಾಗಕ್ಕೆ ಹಳದಿ.

ಇದರಲ್ಲಿ ಕೆಂಪು ಮುಖ್ಯ. ಕಬ್ಬಿಣ ಹೊಯ್ದಾಗ ಅದರ ಕಿಟ್ಟ, ಗಾಳಿಗುಳ್ಳೆ ಎಲ್ಲ ಮೇಲಕ್ಕೆ ತೇಲುತ್ತವೆ. ಹೆರೆಯುವ ಮುಖ ಅಚ್ಚಿನಲ್ಲಿ ಕೆಳಗಿದ್ದರೆ ಅದು ಗಟ್ಟಿಯಾಗಿ, ಶುದ್ಧವಾಗಿ ಬರುತ್ತದೆ. ಮೇಲಿದ್ದರೆ ಮೆಷಿನ್ನಿನಲ್ಲಿ ಒಂದು ಪದರ ಹೆರೆದ ಕೂಡಲೇ ಒಳಗಿನ ತೂತುಗಳೆಲ್ಲ ಬಾಯಿಬಿಡುತ್ತವೆ. ಆ ಮಾಲು ಮತ್ತೆ ಕರಗಿಸಲು ಕುಲುಮೆಗೇ ಹೋಗಬೇಕು. ಹಾಗಾಗಿ ಹೆಚ್ಚುಕಡಿಮೆ ಒಂದೇ ಥರದ ಎರಡು ಹೋಳಾಗಿ ಬಿಚ್ಚುವ ಪ್ಯಾಟರ್ನಿನಲ್ಲಿ ಯಾವ ಹೋಳು ಕೆಳಗಿನ ಪೆಟ್ಟಿಗೆಗೆ ಎನ್ನುವುದನ್ನು ಅಚ್ಚು ಕಟ್ಟುವವನು ಕೆಂಪು ನೋಡಿ ತೀರ್ಮಾನಿಸಬೇಕು.

ಅಲ್ಲಿ ಅಚ್ಚು ಕಟ್ಟುತ್ತಿದ್ದವರು ಭದ್ರಾವತಿಯಿಂದ ಬರುವ ಒಬ್ಬ ಮೇಸ್ತ್ರಿ. ಗಡ್ಡ ಮೂಡುವ ಮುಂಚಿನಿಂದ ಮರಳು ಕುಟ್ಟಿದವರು. ಮಾತು ಕಡಿಮೆ, ಎಲೆಯಡಿಕೆ ಜಾಸ್ತಿ. ಕೈಯ ಎರಡೂ ಬದಿಗೆ, ಮೊಣಕೈವರೆಗೆ ಸುಟ್ಟ ಕಲೆಗಳು. ಫೌಂಡ್ರಿಯವರ ಕೈ ಹೀಗೇ ಇರುತ್ತದೇನೋ ಎಂದುಕೊಂಡು ನಾನು ಅದನ್ನು ತಲೆಗೆ ಹಚ್ಚಿಕೊಳ್ಳಲಿಲ್ಲ.

ಮೊದಲ ಕೆಲಸ ಉಜ್ಜುವುದು. ಹಳೆಯ ಪ್ಯಾಟರ್ನ್‌ಗಳ ಮೇಲೆಲ್ಲ ಒಂದೊಂದು ಬಿಳಿ ಪಟ್ಟೆ ಇತ್ತು. ಏನಪ್ಪಾ ಇದು ಎಂದು ವಿಚಾರಿಸಿದರೆ, ಮೇಸ್ತ್ರಿಯ ಎಲೆಯಡಿಕೆ ಸುಣ್ಣ. ಬಡಗಿ ಹೊಸ ಪ್ಯಾಟರ್ನ್ ತಂದು ಕೊಟ್ಟಾಗ ಕೆಳಗೆ ಹೋಗುವ ಹೋಳು ಯಾವುದೆಂದು ಬಾಯಲ್ಲಿ ಕೇಳಿಕೊಂಡು, ಡಬ್ಬಿಯಿಂದ ಹೆಬ್ಬೆರಳಿಗೆ ಸುಣ್ಣ ತೆಗೆದು ಅದರ ಮೇಲೆ ಎಳೆಯುತ್ತಿದ್ದರಂತೆ. ಶಾಸ್ತ್ರ ಇರಬೇಕು, ಒಳ್ಳೆಯದಾಗಲಿ ಅಂತ ಹಚ್ಚುತ್ತಾರೆ ಎಂದು ಉಳಿದವರು ತಿಳಿದಿದ್ದರು. ಸುಣ್ಣದ ಮೇಲೆ ಎನಾಮಲ್ ನಿಲ್ಲುವುದಿಲ್ಲ, ಏಳುತ್ತದೆ. ಮರಳು ಕಾಗದ ಹಿಡಿದು ಉಜ್ಜುತ್ತ ಕೂತಿದ್ದಾಗ ಮೇಸ್ತ್ರಿ ಬಂದು ನಿಂತರು.

"ಅದು ಇರ್ಲಿ ಬಿಡಿ ಟೀಚರಮ್ಮ. ಏನ್ ಮಾಡ್ತು ಅದು ನಿಮಗೆ?"

ಬಣ್ಣ ಕೂರಲ್ಲ ಮೇಸ್ತ್ರಿ ಎಂದೆ. ಸೂಪರ್‌ವೈಸರೂ ಅದನ್ನೇ ಹೇಳಿದರು. ಅವರು ಡಿಪ್ಲೊಮಾ ಮುಗಿಸಿ ಬಂದಿದ್ದ ಹುರುಪಿನ ಹುಡುಗ, ಎಲ್ಲವೂ ಪಟ್ಟಿಯ ಪ್ರಕಾರವೇ ಆಗಬೇಕು. ಇನ್ನು ಮೇಲೆ ಯಾವ ಪ್ಯಾಟರ್ನಿಗೂ ಸುಣ್ಣ ಮುಟ್ಟಿಸಬಾರದು ಎಂದು ಎಲ್ಲರ ಎದುರು ಅಪ್ಪಣೆ ಮಾಡಿದರು. ಮೇಸ್ತ್ರಿ ಡಬ್ಬಿಯನ್ನು ಜೇಬಿಗೆ ಹಾಕಿಕೊಂಡು ಹೋದರು.

ಮೂರೇ ಬಣ್ಣ ಎಂದು ಹಗುರವಾಗಿ ತೆಗೆದುಕೊಂಡಿದ್ದ ಕೆಲಸ ನನ್ನ ಬೆವರಿಳಿಸಿತು. ಮರದ ಸಂದಿಗಳಿಗೆ ಮೇಣ ತುಂಬಬೇಕು, ಉಜ್ಜಬೇಕು, ಪ್ರೈಮರ್ ಹೊಡೆಯಬೇಕು, ಮತ್ತೆ ಉಜ್ಜಬೇಕು. ಎನಾಮಲ್ ಎರಡು ಸಲ, ತೆಳ್ಳಗೆ. ಕುಂಚದ ಒಂದು ಕೂದಲು ಉಳಿದರೂ ಅದರ ಗುರುತು ಮರಳಿಗೆ, ಮರಳಿನಿಂದ ಕಬ್ಬಿಣಕ್ಕೆ ಹೋಗುತ್ತದೆ. ಮೇ ಮೊದಲಲ್ಲೇ ಸಂಜೆ ಸಂಜೆ ಮಳೆ ಹಿಡಿದುಕೊಂಡಿತು. ಬಣ್ಣ ಮೇಲೆ ಒಣಗಿದಂತೆ ಕಂಡು ಒಳಗೆ ಹಸಿಯಾಗೇ ಇರುತ್ತಿತ್ತು. ಹಾಗೆ ಒಂದನ್ನು ಅವಸರದಲ್ಲಿ ಕೊಟ್ಟಿದ್ದಕ್ಕೆ ಮರಳೆಲ್ಲ ಅಂಟಿ, ಎತ್ತುವಾಗ ಅಚ್ಚಿನ ಅಂಚು ಕುಸಿದುಬಿತ್ತು. ಆಮೇಲಿಂದ ನನಗೆ ಕೊಟ್ಟಿದ್ದ ಕೋಣೆಯಲ್ಲಿ ದೊಡ್ಡ ಬಲ್ಬುಗಳನ್ನು ನೇತುಹಾಕಿ ಒಣಗಿಸಿದೆ. ಕೊನೆಗೆ ಎಲ್ಲವನ್ನೂ ಕಪಾಟಿನಲ್ಲಿ ಜೋಡಿಸಿಟ್ಟಾಗ, ಸುಳ್ಳು ಯಾಕೆ ಹೇಳಲಿ, ನಿಂತು ನೋಡುವ ಹಾಗಿತ್ತು. ಕಪ್ಪಿನ ಪಕ್ಕ ಕೆಂಪು, ಅಂಚು ಒಂದಿಷ್ಟೂ ಕದಡಿರಲಿಲ್ಲ. ಮಾಲೀಕರು ಬಂದವರಿಗೆಲ್ಲ ಕರೆದು ತೋರಿಸಿದರು.

ಆ ಸಂತೋಷ ಒಂದು ವಾರವೂ ಇರಲಿಲ್ಲ. ಹೊಸ ಬಣ್ಣದ ಪ್ಯಾಟರ್ನಿನಿಂದ ಹೊಯ್ದ ಪಂಪಿನ ಮುಚ್ಚಳಗಳು ಮೆಷಿನ್ನಿಗೆ ಹೋದವು, ಜರಡಿಯ ಹಾಗೆ ತೂತು ತೂತಾಗಿ ವಾಪಸ್ ಬಂದವು. ಎಲ್ಲವೂ ಅಲ್ಲ, ಕೆಲವು. ಸೂಪರ್‌ವೈಸರ್ ಒಂದನ್ನು ಎತ್ತಿಕೊಂಡು ಬಂದು ನನ್ನ ಮೇಜಿನ ಮೇಲೆ ಧೊಪ್ಪೆಂದು ಇಟ್ಟರು. ನೀವು ಕೆಂಪನ್ನು ತಪ್ಪು ಹೋಳಿಗೆ ಹೊಡೆದಿದ್ದೀರಿ ಎಂದರು. ನನ್ನ ಮೈಯೆಲ್ಲ ಉರಿದುಹೋಯಿತು. ಡ್ರಾಯಿಂಗ್ ಹಾಳೆ ಬಿಚ್ಚಿ, ಪ್ಯಾಟರ್ನ್ ಪಕ್ಕದಲ್ಲಿಟ್ಟು, ಒಂದೊಂದೇ ಮುಖಕ್ಕೆ ಬೆರಳಿಟ್ಟು ತೋರಿಸಿದೆ. ಎಲ್ಲ ಸರಿಯಾಗಿತ್ತು. ಅವರು ಅಚ್ಚಿನ ಶೆಡ್ಡಿಗೆ ಹೋದರು. ಅಲ್ಲಿಂದ ಅವರ ಗಂಟಲು ನನ್ನ ಕೋಣೆಯವರೆಗೂ ಕೇಳಿಸಿತು.

"ಇನ್ನೊಂದು ಸಲ ಹಿಂಗಾದ್ರೆ ನಿಮ್ಮನ್ನ ಯಾರ್ಡಿಗೆ ಹಾಕ್ತೀನಿ ಮೇಸ್ತ್ರಿ. ಗುಜರಿ ಹೊರೋಕೆ."

ಅಷ್ಟು ವರ್ಷ ಅಚ್ಚು ಕಟ್ಟಿದ ಮನುಷ್ಯನಿಗೆ, ಹೆಲ್ಪರ್‌ಗಳಿಗೆ ಕೆಲಸ ಕಲಿಸಿದವರಿಗೆ, ಗುಜರಿ ಹೊರುವುದೆಂದರೆ ಎಲ್ಲರ ಕಣ್ಣೆದುರು ಇಳಿದುಹೋದ ಹಾಗೆ. ನನ್ನ ತಪ್ಪಲ್ಲವೆಂದು ಸಾಬೀತಾದ ಸಮಾಧಾನ ಒಂದು ಕಡೆ. ಕೆಂಪಗೆ ಎದ್ದು ಕಾಣುವುದನ್ನು ಈ ಮನುಷ್ಯ ಯಾಕೆ ತಪ್ಪುತ್ತಾರೆ ಎನ್ನುವುದು ಇನ್ನೊಂದು ಕಡೆ. ಸುಣ್ಣ ಒರೆಸಿದ ಸಿಟ್ಟಿಗೆ ಬೇಕೆಂದೇ ಮಾಡುತ್ತಿದ್ದಾರೋ ಎಂದೂ ಅನುಮಾನಪಟ್ಟೆ.

ಉತ್ತರ ಸಿಕ್ಕಿದ್ದು ಕೇರಂ ಬೋರ್ಡಿನಲ್ಲಿ. ಮಧ್ಯಾಹ್ನ ಊಟವಾದ ಮೇಲೆ ಗಂಡಸರು ಶೆಡ್ಡಿನ ಬಾಗಿಲಲ್ಲಿ ಕೇರಂ ಆಡುತ್ತಿದ್ದರು, ಜೋಡಿ ಜೋಡಿಯಾಗಿ. ನಾನು ಬುತ್ತಿ ಡಬ್ಬಿ ತೊಳೆಯಲು ನಲ್ಲಿಯ ಹತ್ತಿರ ಹೋದವಳು ನಿಂತು ನೋಡಿದೆ. ಮೇಸ್ತ್ರಿಯದು ಕಪ್ಪು ಕಾಯಿ. ಗುರಿ ಹಿಡಿದು ಹೊಡೆದರು, ಕಾಯಿ ನೇರ ಗುಂಡಿಗೆ ಬಿತ್ತು. ಬಿದ್ದದ್ದು ಕಪ್ಪಲ್ಲ, ಕೆಂಪು. ಆಡುವವರು ಅದನ್ನು ರೆಡ್ ಅನ್ನುತ್ತಾರೆ. ರೆಡ್ ಬಿದ್ದರೆ ಹಿಂದೆಯೇ ತನ್ನ ಇನ್ನೊಂದು ಕಾಯಿ ಹಾಕಿ ಅದನ್ನು ಉಳಿಸಿಕೊಳ್ಳಬೇಕು, ಅದಕ್ಕೆ ಫಾಲೋ ಎನ್ನುತ್ತಾರೆ. ಎಂಥವರೂ ರೆಡ್ ಬಿದ್ದರೆ ತೊಡೆ ತಟ್ಟುತ್ತಾರೆ. ಮೇಸ್ತ್ರಿ ಮಾತ್ರ ಏನೂ ಆಗದವರ ಹಾಗೆ ಸ್ಟ್ರೈಕರ್ ಸರಿಸಿಕೊಂಡು ಮುಂದಿನ ಕಾಯಿ ನೋಡುತ್ತಿದ್ದರು. ಫಾಲೋ ಹಾಕಿ ಮಾರಾಯ್ರೆ, ರೆಡ್ ಬಿತ್ತಲ್ಲ ಎಂದು ಜೊತೆಯವನು ಕೂಗಿದ. ಮೇಸ್ತ್ರಿ ಒಂದು ಗಳಿಗೆ ತಡೆದು, ಗೊತ್ತು ಬಿಡಾ, ರೆಡ್ಡಿನ ತಲೆನೋವೆಲ್ಲ ನಿಂದೇ ಎಂದು ನಕ್ಕರು. ಆ ತಡೆದದ್ದನ್ನು ನಾನು ನೋಡಿದೆ.

ಡಬ್ಬಿ ಅಲ್ಲೇ ಬಿಟ್ಟು ಕೋಣೆಗೆ ಬಂದೆ. ಬಣ್ಣ ಪರೀಕ್ಷೆಗೆಂದು ಬಳಿದಿಟ್ಟಿದ್ದ ಹಲಗೆ ಚೂರುಗಳು ಮೇಜಿನ ಮೇಲಿದ್ದವು, ಒಂದು ಕೆಂಪು, ಒಂದು ಕಪ್ಪು. ಸಂಜೆ ಮೇಸ್ತ್ರಿ ಆ ಕಡೆ ಬಂದಾಗ ತಲೆ ಎತ್ತದೆ, ಆ ಕೆಂಪು ಹಲಗೆ ಇಲ್ಲಿ ಕೊಡಿ ಮೇಸ್ತ್ರಿ ಎಂದೆ. ಅವರು ಎರಡನ್ನೂ ಕೈಗೆತ್ತಿಕೊಂಡರು, ಬೆಳಕಿಗೆ ಹಿಡಿದರು, ಕಪ್ಪನ್ನು ನನ್ನ ಕಡೆ ಚಾಚಿದರು. ನಾನು ತೆಗೆದುಕೊಳ್ಳಲಿಲ್ಲ. ಅವರಿಗೆ ಅಷ್ಟರಲ್ಲೇ ಗೊತ್ತಾಯಿತು. ಸ್ಟೂಲಿನ ಮೇಲೆ ಕೂತರು.

"ಹಳದಿ ಕಾಣ್ತದೆ, ಬಿಳಿ ಕಾಣ್ತದೆ. ಇವೆರಡು ನಂಗೆ ಒಂದೇ ಟೀಚರಮ್ಮ, ಹುಟ್ಟಿದಾಗಿಂದ. ನಮ್ಮ ಮನೆಯವಳ ಧಾರೆ ಸೀರೆ ನೋಡಿ, ಮದುವೇಲಿ ಇದೇನ್ ಕರಿ ಸೀರೆ ಉಡ್ಸಿದಾರೆ ಅಂದ್ಕೊಂಡಿದ್ದೆ. ಯಾರಿಗೂ ಹೇಳಿಲ್ಲ. ನೀವೂ ಹೇಳ್ಬೇಡಿ."

ಹೇಳಿದರೇನಾಗುತ್ತದೆ ಎಂದು ಕೇಳಿದೆ. ಕಣ್ಣು ಸರಿ ಇಲ್ಲದವನ ಕೈಗೆ ಕಾದ ಕಬ್ಬಿಣದ ಕೆಲಸ ಯಾರು ಕೊಡುತ್ತಾರೆ, ಯಾರ್ಡೂ ಅಲ್ಲ, ಮನೆಗೇ ಕಳಿಸುತ್ತಾರೆ ಎಂದರು. ಇನ್ನೊಂದು ಸಲ ಮಾಲು ಕೆಟ್ಟರೆ ಯಾರ್ಡು. ಹೇಳಿದರೂ ಹೋಯಿತು, ಸುಮ್ಮನಿದ್ದರೂ ಹೋಯಿತು. ಹೇಳುವುದಿಲ್ಲ ಎಂದೆ. ಮಾತು ಕೊಟ್ಟ ಮೇಲೆ ತಲೆ ಕೆಟ್ಟುಹೋಯಿತು. ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಬರುವಷ್ಟು ಹೊತ್ತೂ ಅದೇ ಯೋಚನೆ.

ಏನಾದರೂ ಮಾಡಬೇಕಿದ್ದರೆ ನನ್ನ ಕೆಲಸದೊಳಗೇ ಮಾಡಬೇಕಿತ್ತು. ಮಕ್ಕಳಿಗೆ ಬರೆಸುವ ನೋಟ್ಸ್ ನೆನಪಿಸಿಕೊಂಡೆ. ಬಣ್ಣ ಬೇರೆ, ಛಾಯೆ ಬೇರೆ. ಎಷ್ಟು ತಿಳಿ, ಎಷ್ಟು ಗಾಢ ಎನ್ನುವುದು ಛಾಯೆ. ಕಣ್ಣು ಅರ್ಧ ಮುಚ್ಚಿ ನೋಡಿದರೆ ಬಣ್ಣ ಹಿಂದೆ ಸರಿದು ಛಾಯೆ ಮಾತ್ರ ಉಳಿಯುತ್ತದೆ ಎಂದು ನಮ್ಮ ಮೇಷ್ಟರು ಹೇಳಿಕೊಟ್ಟಿದ್ದರು. ಮಾರನೆಯ ಬೆಳಿಗ್ಗೆ ಅಚ್ಚಿನ ಶೆಡ್ಡಿನಲ್ಲಿ ನಿಂತು ಕಣ್ಣು ಕಿರಿದು ಮಾಡಿ ನನ್ನ ಪ್ಯಾಟರ್ನ್ ನೋಡಿದೆ. ನಾನು ಅಷ್ಟು ಮೆಚ್ಚಿಕೊಂಡಿದ್ದ ಕೆಂಪು ಕಪ್ಪಿನೊಳಗೆ ಕರಗಿಹೋಯಿತು. ಮೇಸ್ತ್ರಿಗೆ ಕಾಣುವುದು ಸುಮಾರಾಗಿ ಹೀಗೇ ಇರಬೇಕು ಎನಿಸಿತು.

ಮೊದಲು ಕೆಂಪಿಗೆ ಬಿಳಿ ಬೆರೆಸಿ ತಿಳಿ ಮಾಡಿದೆ. ಮೇಸ್ತ್ರಿ ದೂರದಿಂದಲೇ ಗುರುತು ಹಿಡಿದರು. ಸೂಪರ್‌ವೈಸರ್ ಪಟ್ಟಿಯನ್ನು ಪಕ್ಕದಲ್ಲಿ ಹಿಡಿದು, ಇದು ಕೆಂಪಲ್ಲ ಮೇಡಂ, ಗುಲಾಬಿ ಎಂದರು. ಉಜ್ಜಿ ಮತ್ತೆ ಕೆಂಪು ಹೊಡೆದೆ. ಕಣ್ಣಿಗಾಗದಿದ್ದರೆ ಬೆರಳಿಗಾಗಲಿ ಎಂದು ಮೈವಳಿಕೆಗೆ, ಅಂದರೆ ಮೇಲ್ಮೈಯ ನಯ ಒರಟಿಗೆ, ಕೈ ಹಾಕಿದೆ. ಕೆಂಪು ಹಸಿಯಿರುವಾಗಲೇ ಒಣ ಕುಂಚದಿಂದ ಕುಟ್ಟಿ ತರಿತರಿ ಮಾಡಿದೆ. ಹೇಗೂ ಹೆರೆದು ಹೋಗುವ ಮುಖ ತಾನೇ ಎಂಬುದು ನನ್ನ ಲೆಕ್ಕ. ಆದರೆ ಆ ತರಿಗೆ ಮರಳು ಕಚ್ಚಿಕೊಂಡು ಅಚ್ಚು ಕಿತ್ತುಬಂತು. ಈ ಸಲ ಮೇಸ್ತ್ರಿಯೇ ಬೇಡವೆಂದರು. ಅಂಚಿನಲ್ಲಿ ಸಣ್ಣ ಕಚ್ಚು ಹಾಕಿಕೊಡಿ ಎಂದು ಬಡಗಿಯನ್ನು ಕೇಳಿದೆ. ಅದು ಕಬ್ಬಿಣದಲ್ಲೂ ಬರುತ್ತಲ್ಲ ಮೇಡಂ ಎಂದು ಆತ ನನ್ನನ್ನೇ ಮಿಕಿಮಿಕಿ ನೋಡಿದ. ಹೌದು, ಅಲ್ಲಿ ಆಕಾರವನ್ನು ಮುಟ್ಟುವ ಹಾಗೇ ಇಲ್ಲ. ಬಣ್ಣ ಪಟ್ಟಿಯವರದು, ಆಕಾರ ಡ್ರಾಯಿಂಗಿನದು, ಮೈವಳಿಕೆ ಮರಳಿನದು. ನನ್ನ ಪಾಲಿಗೆ ಉಳಿದದ್ದು ಗೆರೆ ಒಂದೇ.

ಕೆಂಪಿನ ಮೇಲೆ ಬಿಳಿ ಗೆರೆ. ತೆಳು ಕುಂಚ ಹಿಡಿದು ಅಂದವಾಗಿ ಒಂದು ಎಳೆದೆ. ಎರಡು ಸಲ ಮರಳಿಗೆ ಹೋಗಿ ಬರುವಷ್ಟರಲ್ಲಿ ಕಪ್ಪು ಧೂಳು ಮೆತ್ತಿ ಗೆರೆ ಮಾಯವಾಯಿತು. ಎಷ್ಟು ದಪ್ಪ ಇರಬೇಕು ಎಂದು ಮೇಸ್ತ್ರಿಯನ್ನೇ ಕೇಳಿದೆ. ಅವರು ಬಿಳಿ ಬಣ್ಣದ ಡಬ್ಬಿಗೆ ಹೆಬ್ಬೆರಳು ಅದ್ದಿ, ಕೆಂಪು ಮುಖದ ನಡುವಿನಿಂದ ಅಂಚು ದಾಟುವವರೆಗೆ ಒಂದೇ ಸಲ ಎಳೆದರು. ಅಂಚು ದಾಟಿಸಿದ್ದು ಯಾಕೆಂದರೆ, ಮರಳು ಅರ್ಧ ಮುಚ್ಚಿದ ಮೇಲೂ ಪಕ್ಕದಿಂದ ಕಾಣಬೇಕು. ಅದು ನನಗೆ ಹೊಳೆದಿರಲಿಲ್ಲ. ಅದನ್ನೇ ಅಳತೆ ಮಾಡಿಕೊಂಡು ಎಲ್ಲ ಪ್ಯಾಟರ್ನಿಗೂ ಎಳೆದೆ. ನಾನೇ ಉಜ್ಜಿ ತೆಗೆದ ಸುಣ್ಣದ ಪಟ್ಟೆ ಎನಾಮಲ್ಲಿನಲ್ಲಿ ವಾಪಸ್ ಬಂದಿತ್ತು. ಅದನ್ನು ಮೇಸ್ತ್ರಿಗೆ ಹೇಳಿದೆ. ಅವರು ಬಾಯ್ತುಂಬ ಎಲೆಯಡಿಕೆ ಇಟ್ಟುಕೊಂಡೇ ನಕ್ಕರು.

ಮಾಲೀಕರಿಗೆ ಏನಾದರೂ ಕಾರಣ ಕೊಡಬೇಕಲ್ಲ. ಶೆಡ್ಡಿನಲ್ಲಿ ಬೆಳಕು ಕಡಿಮೆ, ಮಬ್ಬಿನಲ್ಲಿ ಕೆಂಪು ಯಾರಿಗಾದರೂ ಕಪ್ಪಾಗಿಯೇ ಕಾಣುತ್ತದೆ ಎಂದೆ. ಅದು ಸುಳ್ಳೂ ಅಲ್ಲ. ಸಂಜೆ ಅವರನ್ನೇ ಕರೆದುಕೊಂಡು ಹೋಗಿ ತೋರಿಸಿದೆ, ತಲೆಯಾಡಿಸಿದರು. ಸೂಪರ್‌ವೈಸರ್ ಮಾತ್ರ ಪಟ್ಟಿಯಲ್ಲಿ ಇಲ್ಲದ್ದು ಎಂದು ಗೊಣಗುತ್ತಲೇ ಇದ್ದರು. ಆದರೆ ಅಲ್ಲಿಂದ ಮುಂದೆ ಮಾಲು ಕೆಡಲಿಲ್ಲ. ನಾನು ಉಸಿರುಬಿಟ್ಟೆ.

ಶಾಲೆ ತೆರೆಯುವ ಮುಂಚಿನ ವಾರ ಪಂಪ್ ಕಂಪನಿಯ ಇನ್‌ಸ್ಪೆಕ್ಟರ್ ಬಂದರು. ಹುಬ್ಬಳ್ಳಿ ಕಡೆಯವರು, ತಲೆ ನರೆತಿತ್ತು, ಪ್ರತಿಯೊಂದನ್ನೂ ತಿರುಗಿಸಿ ಮುರುಗಿಸಿ ನೋಡುತ್ತಿದ್ದರು. ಬಿಳಿ ಗೆರೆಯ ಮೇಲೆ ಬೆರಳಿಟ್ಟು ಇದೇನು ಎಂದು ಕೇಳಿದರು. ಸೂಪರ್‌ವೈಸರ್ ಮುಂದೆ ಬಂದು, ತೆಗೆಸ್ತೀವಿ ಸಾರ್, ನಾಳೆಯೇ ತೆಗೆಸ್ತೀವಿ ಎಂದುಬಿಟ್ಟರು. ನಾನು ತಡೆಯಲಾರದೆ ನಡುವೆ ಬಾಯಿ ಹಾಕಿದೆ. ಬೆಳಕು, ಮಬ್ಬು, ಛಾಯೆ ಎಂದು ಪಾಠ ಶುರುಮಾಡಿದೆ. ಅವರು ಸಮಾಧಾನವಾಗಿ ಕೇಳಿಸಿಕೊಂಡು, ಕಿಸೆಯಿಂದ ಟಾರ್ಚ್ ತೆಗೆದು ಪ್ಯಾಟರ್ನ್ ಮೇಲೆ ಬಿಟ್ಟರು. ಕೆಂಪು ಝಗ್ಗೆಂದು ಎದ್ದುಬಂತು. ಹಾಗಿದ್ದರೆ ಇಲ್ಲೊಂದು ಟ್ಯೂಬ್‌ಲೈಟ್ ಹಾಕಿಸಿದರೆ ಆಯಿತಲ್ಲ ಎಂದರು.

ಗೆರೆ ಹೋದರೆ ಮೇಸ್ತ್ರಿ ಹೋದರು. ಮಾತು ಮುರಿಯುವಂತಿಲ್ಲ. ಅಷ್ಟರಲ್ಲಿ ಮರಳು ಕುಟ್ಟುವುದನ್ನು ನಿಲ್ಲಿಸಿ ಮೇಸ್ತ್ರಿಯೇ ಎದ್ದು ಬಂದರು. ಕೈ ಒರೆಸಿಕೊಂಡರು.

"ಟೀಚರಮ್ಮಂಗೆ ಏನೂ ಅನ್ಬೇಡಿ ಸಾರ್. ಆ ಗೆರೆ ನಂಗೋಸ್ಕರ. ನಂಗೆ ಕೆಂಪು ಕಾಣಲ್ಲ."

ಶೆಡ್ಡಿನಲ್ಲಿ ಕುಟ್ಟುತ್ತಿದ್ದವರೆಲ್ಲ ಕೈ ನಿಲ್ಲಿಸಿದರು. ಮಾಲೀಕರು ಮೇಸ್ತ್ರಿಯನ್ನೂ ನನ್ನನ್ನೂ ನೋಡಿದರು. ಸೂಪರ್‌ವೈಸರ್ ಮುಖ ಸಪ್ಪಗಾಯಿತು. ಇನ್‌ಸ್ಪೆಕ್ಟರ್ ಕಪಾಟಿನಿಂದ ಪ್ಯಾಟರ್ನ್‌ಗಳನ್ನು ತೆಗೆಸಿ, ಹೋಳುಗಳನ್ನೆಲ್ಲ ಬೆರಕೆ ಮಾಡಿ ನೆಲದ ಮೇಲೆ ಹರಡಿಸಿದರು. ಕೆಳಗಿನ ಪೆಟ್ಟಿಗೆಯವು ತೆಗೆ ಎಂದರು. ಮೇಸ್ತ್ರಿ ಅಕ್ಕಿಯಿಂದ ಕಲ್ಲು ಆರಿಸುವ ಹಾಗೆ, ಒಂದೊಂದಾಗಿ ಎತ್ತಿ ಬದಿಗಿಟ್ಟರು. ಒಂದೂ ತಪ್ಪಲಿಲ್ಲ. ಇದಕ್ಕೆ ಮುಂಚೆ ಮಾಲು ಕೆಟ್ಟದ್ದು ಯಾವಾಗ ಎಂದು ಇನ್‌ಸ್ಪೆಕ್ಟರ್ ಕೇಳಿದರು. ಗೆರೆ ಇಲ್ಲದಿದ್ದಾಗ ಎಂದು ನಾನು ಹೇಳಿದೆ, ಸ್ವಲ್ಪ ಜೋರಾಗಿಯೇ. ಅವರು ಪಟ್ಟಿಯನ್ನು ಬಿಚ್ಚಿ ಮೇಲಿಂದ ಕೆಳಗೆ ಓದಿದರು, ಮಡಚಿದರು, ಮಾಲೀಕರಿಗೆ ಹೇಳಿದರು:

"ಬಣ್ಣ ನಮ್ಮ ಪಟ್ಟಿ ಪ್ರಕಾರನ ಅದಾವು. ಗೆರಿ ಎಳೀಬಾರ್ದು ಅಂತ ಇದರಾಗ ಎಲ್ಲೂ ಬರದಿಲ್ಲ."

ಮಾಲೀಕರು ಗಂಟಲು ಸರಿಮಾಡಿಕೊಂಡು, ಹಾಗಾದರೆ ಗೆರೆ ಇರಲಿ, ಮೇಸ್ತ್ರಿ ನೀವು ಕೆಲಸ ನೋಡಿ ಎಂದರು. ಮೇಸ್ತ್ರಿ ಹೋಗಿ ಮತ್ತೆ ಮರಳಿನ ಮುಂದೆ ಕುಕ್ಕರಗಾಲಲ್ಲಿ ಕೂತರು. ನನಗೆ ಕಣ್ಣಲ್ಲಿ ನೀರು ಬಂತು, ಧೂಳು ಬಿದ್ದವಳ ಹಾಗೆ ಸೆರಗಿನಿಂದ ಒರೆಸಿಕೊಂಡೆ.

ಕೊನೆಯ ದಿನ ಕುಂಚಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದೆ. ಮೇಸ್ತ್ರಿ, ಸೂಪರ್‌ವೈಸರ್ ಇಬ್ಬರೂ ಅಲ್ಲೇ ಇದ್ದರು. ಕೆಂಪು ಅಂದರೆ ನಿಮಗೆಲ್ಲ ಹೆಂಗೆ ಕಾಣುತ್ತೆ ಎಂದು ಮೇಸ್ತ್ರಿ ಕೇಳಿದರು. ನೋಟ್ಸಿನಲ್ಲಿ ಕೆಂಪು ಬಿಸಿ ಬಣ್ಣ ಎಂದು ಬರೆಸುತ್ತೇನೆ. ಬೇರೇನೂ ತೋಚದೆ, ಅಚ್ಚು ಒಡೆದ ಮೇಲೆ ಕಬ್ಬಿಣ ಆರುವಾಗ ಇರುತ್ತಲ್ಲ ಮೇಸ್ತ್ರಿ, ಹಾಗೆ ಎಂದೆ.

"ಅದಾ? ಹೊಯ್ಯೋವಾಗ ಬೆಳ್ಳಗೆ, ಹಳದಿಯಾಗಿ ಚೆನ್ನಾಗಿ ಕಾಣ್ತದೆ. ಆಮೇಲೆ ಕಪ್ಪಾಗಿಬಿಡ್ತದೆ. ಕಪ್ಪಾಯ್ತು, ಆರ್ತು ಅಂತ ಕೈ ಹಾಕ್ತೀನಿ." ತೋಳು ತಿರುಗಿಸಿ ಕಲೆಗಳನ್ನು ತಾವೇ ಒಮ್ಮೆ ನೋಡಿಕೊಂಡರು. "ನೀವೆಲ್ಲ ಹೆಂಗೆ ಸುಟ್ಕೊಳ್ಳಲ್ಲ ಅಂತ ಯೋಚ್ನೆ ಮಾಡ್ತಿದ್ದೆ."

ನಾನು ಸೂಪರ್‌ವೈಸರ್ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ನಾನು ತೊಳೆದಿಟ್ಟಿದ್ದ ದೊಡ್ಡ ಕುಂಚವನ್ನು ಮತ್ತೆ ತೆಗೆದುಕೊಂಡೆ. ಉಳಿದಿದ್ದ ಬಿಳಿ ಬಣ್ಣದ ಡಬ್ಬಿಯನ್ನು ಸೂಪರ್‌ವೈಸರ್ ಹಿಡಿದುಕೊಂಡರು. ಒಡೆದ ಅಚ್ಚಿನಿಂದ ತೆಗೆದ ಮಾಲನ್ನು ಆರಲು ಹಾಕುವ ಜಾಗದ ಸುತ್ತ, ಸಿಮೆಂಟು ನೆಲವನ್ನು ಪೊರಕೆಯಿಂದ ಗುಡಿಸಿ, ಅಂಗೈ ಅಗಲದ ಬಿಳಿ ಗೆರೆ ಎಳೆದೆ. ಅದು ನನಗೆ ಒಪ್ಪಿಸಿದ್ದ ಕೆಲಸದಲ್ಲಿ ಇರಲಿಲ್ಲ.

ದಸರಾ ರಜೆಯಲ್ಲಿ ಭದ್ರಾವತಿಗೆ ಹೋಗುವಾಗ ಬಸ್ಸಿಳಿದು ಒಮ್ಮೆ ಒಳಗೆ ಹೋದೆ. ಆಗಷ್ಟೇ ಅಚ್ಚು ಒಡೆದಿದ್ದರು. ಗೆರೆ ಅಲ್ಲಲ್ಲಿ ಸವೆದಿತ್ತು, ಆದರೂ ಇತ್ತು. ಮೇಸ್ತ್ರಿ ಅದರ ಹೊರಗೆ, ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡು ನಿಂತಿದ್ದರು.

"ಆರ್ತಾ?" ಎಂದು ಕೇಳಿದರು.

"ಇನ್ನೂ ಇಲ್ಲ ಮೇಸ್ತ್ರಿ," ಎಂದರು ಗೆರೆಯ ಒಳಗಿದ್ದ ಸೂಪರ್‌ವೈಸರ್. "ಕೆಂಪಗೇ ಇದೆ. ಸ್ವಲ್ಪ ತಡೀರಿ."